ಅಜ್ಜನ ಕೈಗೆ ಕೊಟ್ಟ ಚೀಟಿಗಳು

ನಮ್ಮ ಊರಿನ ಹೊಳೆ ದಿನಕ್ಕೊಮ್ಮೆ ಬರುತ್ತದೆ, ಆದರೆ ಹೊತ್ತು ಹೇಳಿ ಬರುವುದಿಲ್ಲ. ಇವತ್ತು ಬೆಳಗಿನ ಏಳಕ್ಕೆ ಬಂದರೆ ನಾಳೆ ಮಧ್ಯಾಹ್ನ ಮೂರಕ್ಕೆ ಬಂದೀತು. ಎರಡು ತಾಸು ದಂಡೆಯಿಂದ ದಂಡೆಗೆ ತುಂಬಿ ಹರಿದು, ಹೇಗೆ ಬಂತೋ ಹಾಗೆ ಹೊರಟುಹೋಗುತ್ತದೆ. ಉಳಿದ ಹೊತ್ತೆಲ್ಲ ಅಲ್ಲಿರುವುದು ಒದ್ದೆ ಉಸುಕು ಮಾತ್ರ. ಕತ್ತಲಾದ ಮೇಲೆ ಅದು ಎಂದೂ ಬಂದದ್ದಿಲ್ಲ. ಮೂರು ಸಲ ಸೇತುವೆ ಕಟ್ಟಿದರು, ಮೂರನ್ನೂ ಒಯ್ದಿತು. ಆಮೇಲೆ ಹಿರಿಯರು ಸೇತುವೆಯ ಮಾತನ್ನೇ ಬಿಟ್ಟರು.

ಊರು ಎರಡೂ ದಂಡೆಗೆ ಹರಡಿಕೊಂಡಿದೆ. ಶಾಲೆ ಮೂಡಣ ದಂಡೆಗೆ, ದವಾಖಾನೆ ಪಡುವಣ ದಂಡೆಗೆ. ಅದಕ್ಕೆ ಪ್ರತಿಯೊಬ್ಬರಿಗೂ ಆಚೆದಂಡೆಯಲ್ಲಿ ಒಂದು ಗುರುತಿನ ಮನೆ ಇರುತ್ತದೆ. ಆ ಮನೆಯ ಗೂಟದಲ್ಲಿ ಅವರದೊಂದು ಜೊತೆ ಬಟ್ಟೆ ತೂಗುತ್ತಿರುತ್ತದೆ. ಮದುವೆ ಕಾಗದದಲ್ಲಿ ಮುಹೂರ್ತದ ಕೆಳಗೆ ‘ಹೊಳೆ ಹೋದ ಮೇಲೆ’ ಎಂದು ಅಚ್ಚು ಹಾಕಿಸುತ್ತೇವೆ. ಕೆಲಸಕ್ಕೆ ತಡವಾಗಿ ಬಂದವನು ‘ಹೊಳೆ ಬಂದಿತ್ರಿ’ ಅಂದರೆ ಯಾವ ಸಾಹೇಬನೂ ಮುಂದೆ ಮಾತಾಡುವ ಹಾಗಿಲ್ಲ.

ನನ್ನ ಹೆಸರು ತಿಪ್ಪಣ್ಣ. ಪಡುವಣ ದಂಡೆಯ ಕಟ್ಟೆಮನೆಯಲ್ಲಿ ಭೋಂಗಾ, ಅಂದರೆ ಎಚ್ಚರಿಕೆಯ ಸೈರನ್, ಊದುವ ಕೆಲಸ ನನ್ನದು. ಮೇಲ್ಗಡೆ ಬಂಡೆಗಳ ನಡುವೆ ಒಂದು ತೇಲುಗುಂಡು ಕಟ್ಟಿದೆ. ನೀರು ಅದನ್ನು ಎತ್ತಿದರೆ ಕಟ್ಟೆಮನೆಯ ಹಳೆಯ ಕಂಪ್ಯೂಟರಿಗೆ ತಿಳಿಯುತ್ತದೆ. ಅದು ಕಾಲುವೆಯ ಗೇಟುಗಳನ್ನು ಇಳಿಸಿ, ನನ್ನ ತಲೆಯ ಮೇಲಿನ ಕೆಂಪು ದೀಪ ಹಚ್ಚುತ್ತದೆ. ನಾನು ಭೋಂಗಾ ಊದುತ್ತೇನೆ. ಅಲ್ಲಿಂದ ಏಳು ನಿಮಿಷಕ್ಕೆ ಹೊಳೆ ಊರಿಗೆ ಬರುತ್ತದೆ. ಏಳು ನಿಮಿಷದಲ್ಲಿ ಉಸುಕಿನ ಮೇಲಿದ್ದವರೆಲ್ಲ ದಂಡೆ ಹತ್ತಬೇಕು.

ಆ ಹಳೆಯ ಪ್ರೋಗ್ರಾಮಿಗೆ ನಾವು ಅಜ್ಜ ಅನ್ನುತ್ತಿದ್ದೆವು. ಬರೆದವರು ಪುಂಡಲೀಕ ಇಂಜಿನಿಯರು, ನಲವತ್ತು ವರ್ಷದ ಹಿಂದೆ. ಯಂತ್ರದ ಭಾಷೆಗೆ ತೀರ ಹತ್ತಿರದ, ಒಂದು ಅಕ್ಷರ ತಪ್ಪಿದರೂ ಕ್ಷಮಿಸದ ಭಾಷೆಯಲ್ಲಿ ಬರೆದಿದ್ದರು. ನಲವತ್ತು ವರ್ಷ ಅಜ್ಜ ಒಂದು ದಿನವೂ ತಪ್ಪಿರಲಿಲ್ಲ. ಇಂಜಿನಿಯರು ತೀರಿಕೊಂಡ ಮೇಲೆ ಅವನ ಒಳಗೆ ಕೈಹಾಕುವವರೂ ಯಾರೂ ಉಳಿಯಲಿಲ್ಲ. ಕೈಹಾಕುವುದು ಬೇಡವೆಂದೇ ಪುರಸಭೆ ಒಂದು ಠರಾವು ಮಾಡಿ ಗೋಡೆಗೆ ಅಂಟಿಸಿತ್ತು.

ಹಸೀನಾ ನದಾಫ ನನ್ನ ಬಾಗಿಲಿಗೆ ಬಂದದ್ದು ಯಂಕಪ್ಪ ಕೊಚ್ಚಿಹೋಗಬೇಕಾಗಿದ್ದ ದಿನದ ಮರುದಿನ. ಯಂಕಪ್ಪ ನೇಕಾರ. ಹನ್ನೆರಡನೆಯ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಪೂರ್ತಿ ಹೋಗಿದ್ದವು. ಮಗ್ಗದ ಮನೆ ದಂಡೆಯ ಕೆಳಗಿನ ಮೆಟ್ಟಿಲಲ್ಲೇ. ಆ ದಿನ ಉಸುಕಿನ ಹೊಂಡದಲ್ಲಿ ನೂಲು ಅದ್ದುತ್ತ ಕೂತಿದ್ದ. ನಾನು ಊದಿದ ಭೋಂಗಾ ಅವನಿಗೆ ಕೇಳುವುದೆಲ್ಲಿ? ಶಾಲೆಗೆ ಹೋಗುತ್ತಿದ್ದ ಹಸೀನಾ ನೋಡಿ, ಓಡಿ, ಅಂಗಿ ಹಿಡಿದು ದಂಡೆಗೆ ಎಳೆದುಹಾಕಿದಳು. ನೂಲಿನ ಗಂಟು ಅವರ ಕಣ್ಣೆದುರೇ ಹೋಯಿತು.

ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಗಾದಿ ಹೊಲಿಯುವವರ ಮನೆಯ ಮಗಳು. ಶಾಲೆಗೆ ಕಂಪ್ಯೂಟರು ಬಂದಾಗ ಬೇರೆ ಮೇಷ್ಟ್ರುಗಳು ಅದಕ್ಕೆ ಬಟ್ಟೆ ಹೊದಿಸಿಟ್ಟರೆ, ಇವಳು ಅದರ ಮುಂದೆ ಕೂತು ತಾನೇ ಕಲಿತಳು, ಮಕ್ಕಳಿಗೂ ಕಲಿಸಿದಳು.

“ಕಾಕಾ, ಅಜ್ಜಗ ಈ ಒಂದು ಕೆಂಪು ದೀಪ ಹಚ್ಚೂದು ಬಿಟ್ಟು ಬ್ಯಾರೆ ಏನೂ ಬರೂದಿಲ್ಲೇನು?” ಎಂದು ಕೇಳಿದಳು.

“ಗೇಟ್ ಇಳಸ್ತಾನ.”

“ಯಂಕಪ್ಪಣ್ಣನ ಮಗ್ಗದ ಮ್ಯಾಲೂ ಒಂದು ದೀಪ ಹಚ್ಚು ಅಂದ್ರ?”

“ಹೇಳಾವ್ರು ಯಾರವ್ವಾ? ಅವನ ಭಾಷಾ ಬಲ್ಲವರು ಹೋಗಿ ಹನ್ನೆರಡು ವರ್ಷ ಆತು.”

“ಇಂಜಿನಿಯರ್ ಏನರ ಕಾಗದ ಬಿಟ್ಟ ಹೋಗ್ಯಾರೇನು?”

ಒಂದು ಕಬ್ಬಿಣದ ಪೆಟ್ಟಿಗೆ ತುಂಬ ಇದ್ದವು. ಓದಿದರೇನು ಠರಾವು ಮುರಿದಂತಾಗುವುದಿಲ್ಲವಲ್ಲ ಎಂದು ಕೊಟ್ಟೆ. ಹದಿನೈದು ದಿನ ಶಾಲೆ ಬಿಟ್ಟ ಮೇಲೆ ಬಂದು ಕಟ್ಟೆಮನೆಯ ನೆಲದ ಮೇಲೆ ಕೂತು ಓದಿದಳು. ಹದಿನಾರನೆಯ ದಿನ ಒಂದು ಹಳದಿ ಹಾಳೆ ಹಿಡಿದು ಎದ್ದು ನಿಂತಳು. ಅವಳ ಮುಖ ನೋಡಿ ನಾನು ಕೈಯಲ್ಲಿದ್ದ ಚಹಾ ಕೆಳಗಿಟ್ಟೆ.

“ಕಾಕಾ, ಆ ಪುಣ್ಯಾತ್ಮ ಒಂದು ಬಾಗ್ಲಾ ಬಿಟ್ಟ ಹೋಗ್ಯಾನ. ಇಲ್ಲೊಂದು ಫಂಕ್ಷನ್ ಐತಿ, ನಲವತ್ತು ವರ್ಷದಾಗ ಯಾರೂ ಬಳಸಿಲ್ಲ. ನೀರು ಬಂದಾಗ ಯಾರನ್ನ ಕರೀಬೇಕೋ ಅವರ ವಿಳಾಸ ಕೊಡ್ರಿ, ನಾ ಕರೀತೀನಿ ಅಂತೈತಿ.”

“ಕರದು ಏನ್ ಹೇಳ್ತಾನ?”

“ನೀರು ಬಂತು ಅಂತಾನ, ಎಷ್ಟು ಎತ್ತರ ಐತಿ ಅಂತಾನ. ಅಷ್ಟ. ಮುಂದ ಏನ್ ಮಾಡಬೇಕು ಅನ್ನೂದು ಕರಿಸಿಕೊಂಡವರಿಗೆ ಬಿಟ್ಟದ್ದು. ಅಜ್ಜಗ ಅದು ಗೊತ್ತಿರಬೇಕಾಗಿಲ್ಲ. ಯಾರನ್ನ ಕರೀಬೇಕು ಅಂತ ಗೊತ್ತಿದ್ರ ಸಾಕು.”

ಇದಕ್ಕೆ ಕಾಲ್‌ಬ್ಯಾಕ್ ಅನ್ನುತ್ತಾರೆ ಎಂದಳು. ಊರಿನವರ ಬಾಯಲ್ಲಿ ಅದು ಚೀಟಿ ಆಯಿತು.

ಕೇಳಲು ಸುಲಭ, ಮಾಡಲು ಅವಳಿಗೆ ನಾಲ್ಕು ತಿಂಗಳು ಹಿಡಿಯಿತು. ಅವಳು ಬಲ್ಲದ್ದು, ಮಕ್ಕಳಿಗೆ ಕಲಿಸಿದ್ದು ಶಾಲೆಯ ಸ್ಕ್ರಿಪ್ಟ್ ಭಾಷೆ. ಅದು ಸಡಿಲವಾದ, ಮಾತಿನ ಹಾಗಿನ ಭಾಷೆ. ಅಜ್ಜನಿಗೆ ಅದರ ಒಂದು ಪದವೂ ತಿಳಿಯದು. ಅದಕ್ಕೆ ಇಬ್ಬರ ನಡುವೆ ಅವಳೊಂದು ಹೊದಿಕೆ ಪ್ರೋಗ್ರಾಮು ಬರೆದಳು. ಅಜ್ಜ ತನ್ನ ಭಾಷೆಯಲ್ಲಿ ಕರೆದರೆ ಹೊದಿಕೆ ಅದನ್ನು ಕೇಳಿಸಿಕೊಂಡು, ಅವನ ಬರಿಯ ಅಂಕಿಗಳನ್ನು ಸ್ಕ್ರಿಪ್ಟಿಗೆ ತಿಳಿಯುವಂತೆ ಮಾಡಿ, ಚೀಟಿಯಲ್ಲಿ ಬರೆದದ್ದನ್ನು ನಡೆಸಿ, ಉತ್ತರವನ್ನು ಮತ್ತೆ ಅಂಕಿ ಮಾಡಿ ಅಜ್ಜನಿಗೆ ಒಪ್ಪಿಸಬೇಕು. ಅಜ್ಜನನ್ನು ಮುಟ್ಟುವುದಿಲ್ಲ, ಅವನೇ ಇಟ್ಟ ಬಾಗಿಲಿನ ಹೊರಗೆ ನಿಲ್ಲುತ್ತೇನೆ ಅಷ್ಟೇ ಎಂದು ಅಧ್ಯಕ್ಷ ಗುರುಪಾದಪ್ಪನವರ ಮುಂದೆ ಮೂರು ಸಲ ಹೇಳಿ ಒಪ್ಪಿಗೆ ತಂದಳು.

ಮೊದಲನೆಯ ಚೀಟಿ ಯಂಕಪ್ಪನದು. ಒಂದೇ ಸಾಲು: ನೀರು ಬಂದರೆ ಮಗ್ಗದ ಮೇಲಿನ ದೀಪ ಹಚ್ಚು. ಆ ದಿನ ಹೊಳೆ ಹತ್ತೂವರೆಗೆ ಬಂತು. ನಾನು ಭೋಂಗಾ ಊದಿ ಕಿಟಕಿಗೆ ಓಡಿದೆ. ಯಂಕಪ್ಪ ಮಗ್ಗದ ಮನೆಯಿಂದ ಹೊರಬಂದು, ಹೊಸ ಅಳಿಯನ ಹಾಗೆ ಸಾವಕಾಶ ಮೆಟ್ಟಿಲು ಹತ್ತಿ, ದಂಡೆಯ ಮೇಲೆ ಕೂತು, ಹೊಳೆ ಬರುವುದನ್ನು ನೋಡಿದ. ಆಮೇಲೆ ಕಟ್ಟೆಮನೆಗೆ ಬಂದು ಕಿವುಡರ ಎತ್ತರದ ದನಿಯಲ್ಲಿ, “ಮೂವತ್ತು ವರ್ಷದಾಗ ಇವತ್ತ ಮೊದಲನೇ ಸಲ ತಲಿ ಬಗ್ಗಿಸಿ ನೇಯ್ದೆ” ಎಂದ. ಅಲ್ಲಿಯವರೆಗೆ ಅವನು ಪ್ರತಿ ನಾಲ್ಕು ಲಾಳಿಗೆ ಒಮ್ಮೆ ತಲೆಯೆತ್ತಿ ಹೊಳೆ ನೋಡುತ್ತಿದ್ದನಂತೆ. ಇಷ್ಟು ವರ್ಷ ಅವನ ನೆರೆಯಲ್ಲಿದ್ದೂ ನನಗದು ಗೊತ್ತಿರಲಿಲ್ಲ.

ಅಲ್ಲಿಂದ ಜನ ಬರತೊಡಗಿದರು. ಹಸೀನಾ ರವಿವಾರ ಶಾಲೆಯಲ್ಲಿ ಕೂರಿಸಿಕೊಂಡು ಅವರವರ ಚೀಟಿ ಅವರಿಂದಲೇ ಬರೆಸಿದಳು. ಶಾಲೆಯವರು ಗಂಟೆ ತಾನೇ ಹೊಡೆಯುವ ಹಾಗೆ ಬರೆದರು. ಹೆರಿಗೆ ಮಾಡಿಸುವ ಸೂಲಗಿತ್ತಿ ಮಾಳವ್ವ, ದಿನ ತುಂಬಿದ ಬಸುರಿಯರ ಮನೆಗಳಿಗೆ ತಾನು ಈಗ ಯಾವ ದಂಡೆಯಲ್ಲಿದ್ದೇನೆ ಎಂದು ಸುದ್ದಿ ಹೋಗುವ ಹಾಗೆ ಬರೆದಳು. ಅದಕ್ಕೆ ಎಂಟು ಸಾಲು ಬೇಕಾಯಿತು, ಅವಳು ಅಕ್ಷರ ಕಲಿತದ್ದೇ ನಲವತ್ತು ದಾಟಿದ ಮೇಲೆ. ಸಂಡಿಗೆ ಒಣಗಿಸುವವರು, ಉಸುಕಿನ ಮೇಲೆ ಚಹಾ ಮಾರುವವನು, ಗರಡಿಯ ಉಸ್ತಾದ, ಎಲ್ಲರದೂ ಹೊಳೆ ಒಂದೇ, ಆದರೆ ಹೊಳೆ ಬಂದಾಗ ಮಾಡಬೇಕಾದದ್ದು ಒಬ್ಬೊಬ್ಬರದು ಒಂದೊಂದು. ಒಬ್ಬ ಮುದುಕಿ ಬರಿಯ ‘ಬಂತೇ ಯವ್ವಾ’ ಎಂದು ತನ್ನ ಮನೆಯ ಸ್ಪೀಕರ್ ಡಬ್ಬಿಯಿಂದ ಹೇಳಿಸಿಕೊಳ್ಳುವ ಚೀಟಿ ಬರೆಸಿದಳು. ಅವಳಿಗೆ ಹೊಳೆಯಿಂದ ಆಗಬೇಕಾದದ್ದೇನೂ ಇರಲಿಲ್ಲ. ಯಾರಾದರೂ ಬಂದು ಹೇಳಲಿ ಎಂದು ಆಸೆ ಇತ್ತು.

ನನಗೂ ಒಂದು ಅಭ್ಯಾಸ ಬಂತು. ಮೊದಲು ನಾನು ಕಿಟಕಿಗೆ ಮುಖಮಾಡಿ ಕೂರುತ್ತಿದ್ದೆ. ದೀಪ ಇದ್ದರೂ ಕಟ್ಟೆಯವನ ಕಣ್ಣು ಮೇಲ್ಗಡೆ ಇರಬೇಕು ಎಂದು ಹಳೆಯ ನಿಯಮ. ಈಗ ಹಸೀನಾ ಇಟ್ಟ ಪರದೆಯ ಮೇಲೆ ಯಾರ ಚೀಟಿ ನಡೆಯಿತು, ಯಾರದು ಎಷ್ಟು ಹೊತ್ತು ತೆಗೆದುಕೊಂಡಿತು ಎಂದೆಲ್ಲ ಕಾಣುತ್ತಿತ್ತು. ನೋಡಲು ಚೆಂದ ಇತ್ತು. ಕುರ್ಚಿ ತಿರುಗಿಸಿ, ಹೊಳೆಗೆ ಬೆನ್ನು ಹಾಕಿ ಕೂತೆ.

ಒಂದು ಬುಧವಾರ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಪರದೆ ಕಪ್ಪಾಯಿತು. ದೀಪ ಹೊತ್ತಲಿಲ್ಲ. ನಾನು ಶೇಂಗಾ ಸುಲಿಯುತ್ತಿದ್ದೆ. ಕರೆಂಟು ಹೋಗಿರಬೇಕು ಅಂದುಕೊಂಡೆ. ನಾಲ್ಕು ಕಾಯಿ ಸುಲಿದ ಮೇಲೆ ಫ್ಯಾನು ತಿರುಗುತ್ತಲೇ ಇರುವುದು ಕಂಡಿತು. ತಿರುಗಿ ಕಿಟಕಿಯಲ್ಲಿ ನೋಡಿದರೆ ಹೊಳೆ ಮೇಲಿನ ತಿರುವಿನಲ್ಲಿ ನಿಂತಿತ್ತು. ನಿಂತಿತ್ತು ಅಂದರೆ, ನನಗೆ ಹಾಗೆ ಕಂಡಿತು. ಅದು ಬರುತ್ತಿತ್ತು.

ಭೋಂಗಾ ಊದಿದೆ. ಜನರಿಗೆ ಸಿಕ್ಕದ್ದು ಏಳು ನಿಮಿಷವಲ್ಲ, ಎರಡೂ ಅಲ್ಲ. ಎಲ್ಲರೂ ಓಡಿದರು. ನಲವತ್ತು ವರ್ಷ ಸರಿಯಾದ ಹೊತ್ತಿಗೆ ಓಡಿ ಅಭ್ಯಾಸವಾಗಿದ್ದ ಊರು ನಮ್ಮದು, ಅಷ್ಟು ವೇಗ ನಮ್ಮಲ್ಲಿದೆಯೆಂದು ನಮಗೇ ಗೊತ್ತಿರಲಿಲ್ಲ. ಮಾಳವ್ವ ಮಾತ್ರ ನಡು ಉಸುಕಿನಲ್ಲಿದ್ದಳು, ಕೈಯಲ್ಲಿ ಅವಳ ಚೀಲ. ದಂಡೆಯ ಕಲ್ಲು ಹಿಡಿಯುವಾಗ ನೀರು ಅವಳ ಕಾಲು ಸೆಳೆದು ಕಲ್ಲಿಗೆ ಬಡಿಯಿತು. ಯಂಕಪ್ಪನ ದೀಪ ಹೊತ್ತಿರಲಿಲ್ಲ. ಆದರೆ ಮಗ್ಗದ ಗುಂಡಿಯಲ್ಲಿ ಇಳಿಬಿಟ್ಟ ಕಾಲಿಗೆ ನೆಲ ನಡುಗಿದ್ದು ತಿಳಿದು ಹೊರಬಂದಿದ್ದ. ಅವನೇ ಅವಳನ್ನು ಕಂಕುಳಲ್ಲಿ ಕೈಕೊಟ್ಟು ಎಳೆದ. ಅವಳ ಮೊಣಕಾಲ ಕೆಳಗೆ ಎಲುಬು ಮುರಿದಿತ್ತು. ಚಹಾದಂಗಡಿ ಹೋಯಿತು. ಗೇಟು ಇಳಿಯದೆ ಕಾಲುವೆಯ ಪಕ್ಕದ ಒಂದು ಓಣಿಗೆ ನೀರು ನುಗ್ಗಿತು. ಜೀವ ಹೋಗಲಿಲ್ಲ ಅನ್ನುವುದೇ ಪುಣ್ಯ.

ಮರುದಿನ ಪುರಸಭೆಯ ಅಂಗಳದಲ್ಲಿ ಊರು ಸೇರಿತು. “ನಲವತ್ತು ವರ್ಷ ಅಜ್ಜ ಬಿದ್ದಿರಲಿಲ್ಲ,” ಎಂದರು ಗುರುಪಾದಪ್ಪ. “ಇವರ ಚೀಟಿ ಹೊತ್ತು ನಾಲ್ಕ ತಿಂಗಳಿಗೆ ಬಿದ್ದ. ಇನ್ನೇನು ಹೇಳೂದೈತಿ?”

ಹಸೀನಾ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. “ತಪ್ಪು ಅಜ್ಜಂದಲ್ರಿ, ನಂದು. ನನ್ನ ಹೊದಿಕೆ ಅಜ್ಜನ ಜೋಡಿ ಒಂದ ಮನಿಯೊಳಗ ಇತ್ತು. ಅದು ಬಿದ್ದಾಗ ಅವನನ್ನೂ ಕೆಡವಿಕೊಂಡು ಬಿತ್ತು. ಯಾಕ ಬಿತ್ತು ಅನ್ನೂದು ಇನ್ನೂ ನನಗ ಗೊತ್ತಿಲ್ಲ. ಹೊದಿಕೆ ಇವತ್ತ ತಗದೀನಿ. ಅಜ್ಜ ಮೊದಲಿನಂಗ ಒಬ್ಬನ ಅದಾನ. ಕಾರಣ ಹುಡುಕಾಕ ನನಗ ವ್ಯಾಳ್ಯಾ ಕೊಡ್ರಿ. ಸಿಗಲಿಲ್ಲಂದ್ರ ಮತ್ತ ನಿಮ್ಮ ಮುಂದ ಬರೂದಿಲ್ಲ.”

ಕಟ್ಟೆಯವನ ಕಣ್ಣು ಎಲ್ಲಿತ್ತು ಎಂದು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ನಾನು ಕಂಬಕ್ಕೆ ಒರಗಿ ಸುಮ್ಮನೆ ನಿಂತೆ.

ಮೂರು ದಿನ ತಡೆದೆ. ನಾಲ್ಕನೆಯ ದಿನ ಶಾಲೆಗೆ ಹೋದೆ. ಅವಳು ಶಾಲೆಯ ಕಂಪ್ಯೂಟರಿನಲ್ಲಿ ಅಜ್ಜನ ಒಂದು ಪ್ರತಿಯನ್ನು ಓಡಿಸುತ್ತ, ಒಂದು ಬಕೆಟ್ಟಿನಲ್ಲಿ ತೇಲುಗುಂಡು ಇಟ್ಟುಕೊಂಡು, ಮತ್ತೆಮತ್ತೆ ಹೊಳೆ ಬರಿಸುತ್ತಿದ್ದಳು. ನಾನು ಹೇಳಿದೆ: “ಹಸೀನಾ, ಅವತ್ತ ನಾ ಕಿಟಕಿಗೆ ಬೆನ್ನ ಹಾಕಿದ್ದೆ. ನೋಡಿದ್ರ ಐದು ನಿಮಿಷ ಮೊದ್ಲ ಕಾಣತಿತ್ತು.”

“ಗೊತ್ತೈತಿ ಕಾಕಾ,” ಎಂದಳು, ಬಕೆಟ್ಟಿನಿಂದ ಕಣ್ಣು ತೆಗೆಯದೆ. “ಕುರ್ಚಿ ಹೆಂಗ ಇತ್ತು ಅಂತ ಅವತ್ತ ನೋಡಿದೆ.”

“ಸಭಾದಾಗ ಯಾಕ ಹೇಳಲಿಲ್ಲ?”

“ನೀವು ಕುರ್ಚಿ ತಿರಿಗಿಸಿದ್ದು ನನ್ನ ಪರದೆ ಸಲುವಾಗಿ ಅಲ್ಲೇನು? ನಿಮ್ಮ ಹೆಸರು ಹೇಳಿದ್ರ ಎಲ್ಲಾರೂ ನಿಮ್ಮನ್ನ ಬೈದು ಮನಿಗೆ ಹೋಗತಿದ್ರು. ನನ್ನ ತಪ್ಪು ಹಂಗ ಉಳೀತಿತ್ತು.” ಆಮೇಲೆ ಚೊಂಬು ನನ್ನ ಕೈಗೆ ಕೊಟ್ಟಳು. “ಬಂದೀರಿ ಅಂದ್ರ ನೀರು ಹಾಕ್ರಿ. ನಾ ಅಂಕಿ ಬರಕೋತೀನಿ.”

ಹೀಗೆ ನಾನು ಹನ್ನೊಂದು ದಿನ, ಭೋಂಗಾ ಊದಿ ಹೊಳೆ ಹೋದ ಮೇಲೆ, ಬೇರೊಬ್ಬನನ್ನು ಕಿಟಕಿಗೆ ಕೂರಿಸಿ, ಆಚೆದಂಡೆಗೆ ಹೋಗಿ ಬಕೆಟ್ಟಿಗೆ ನೀರು ಹಾಕಿದೆ. ಅಷ್ಟು ಹತ್ತಿರದಿಂದ ಒಬ್ಬರು ಯೋಚನೆ ಮಾಡುವುದನ್ನು ನಾನು ಎಂದೂ ನೋಡಿರಲಿಲ್ಲ. ಅವಳು ಅವಸರ ಮಾಡಲಿಲ್ಲ. ಯಂತ್ರವನ್ನು ಬೈಯಲಿಲ್ಲ. ಒಂದು ಸಲ ಒಂದನ್ನೇ ಬದಲಿಸಿ, ನೀರು ಹಾಕಿಸಿ, ಬರೆದುಕೊಂಡು, ಮತ್ತೆ ಬದಲಿಸುವಳು. ಇನ್ನೂರು ಸಲ ಸರಿಯಾಗಿ ನಡೆಯುತ್ತಿತ್ತು. ಒಂದು ದಿನ ಇನ್ನೂರ ಹದಿಮೂರಕ್ಕೆ ಬಿತ್ತು. ಮರುದಿನ ತೊಂಬತ್ತಕ್ಕೆ ಬಿತ್ತು. ನನಗೆ ತಲೆ ಕೆಟ್ಟಿತು. ಅವಳಿಗೆ ಅದರಿಂದಲೇ ದಾರಿ ಕಂಡಿತು. ಹೊಳೆಯ ಲೆಕ್ಕಕ್ಕೆ ಬೀಳುತ್ತಿಲ್ಲ, ಬೇರೆ ಯಾವುದೋ ತುಂಬಿದಾಗ ಬೀಳುತ್ತಿದೆ ಎಂದಳು.

ಹನ್ನೊಂದನೆಯ ದಿನ ಸೀಮೆಸುಣ್ಣ ಹಿಡಿದು ನನ್ನನ್ನು ಬೋರ್ಡಿನ ಮುಂದೆ ಕೂರಿಸಿದಳು. ಎಂಟನೆಯ ಇಯತ್ತೆಯ ಬೆಂಚು ನನಗೆ ಸಣ್ಣದಾಗಿತ್ತು.

“ನಮ್ಮ ಸ್ಕ್ರಿಪ್ಟ್ ಮನಿಯೊಳಗ ಒಬ್ಬಾಕಿ ಕಸಾ ಗುಡಿಸಾಕಿ ಅದಾಳ ಅನ್ರಿ. ದಿನಾ ಗುಡಿಸೂದಿಲ್ಲ. ಕಸಾ ಸಾಕಷ್ಟು ಕೂಡಿದಾಗ ಬರತಾಳ. ಯಾವ ಸಾಮಾನಿಗೆ ಇದು ನಂದು ಅನ್ನಾವ್ರು ಯಾರೂ ಇಲ್ಲೋ, ಅದನ್ನ ಎತ್ತಿ ಒಗೀತಾಳ. ಒಳ್ಳೆ ಹೆಣ್ಣಮಗಳು. ಆಕಿ ಇಲ್ಲಂದ್ರ ಮನಿ ತುಂಬಿ ಹೋಗತೈತಿ.”

“ಆತು.”

“ನಾ ಮಾಳವ್ವನ ಚೀಟಿ ಅಜ್ಜಗ ಕೊಟ್ಟೆ. ಕೊಟ್ಟೆ ಅಂದ್ರ ಚೀಟಿ ಇಟ್ಟ ಜಾಗಾ ಯಾವುದು ಅಂತ ಹೇಳಿದೆ, ಅಷ್ಟ. ಚೀಟಿ ನಮ್ಮ ಮನಿಯೊಳಗ ಇತ್ತು. ಮೊದ್ಲ ಎಲ್ಲಾ ಚೀಟಿಗೂ ನನ್ನ ಪಟ್ಟಿಯೊಳಗ ಹೆಸರು ಇದ್ವು. ಆಮ್ಯಾಲ ಪಟ್ಟಿ ಯಾಕ ಬೇಕು, ಅಜ್ಜನ ಹತ್ರ ಹ್ಯಾಂಗೂ ಐತಲ್ಲ ಅಂತ ತಗದು ಚೊಕ್ಕ ಮಾಡಿದೆ.” ಅವಳು ಬೋರ್ಡಿನ ಮೇಲೆ ಚೀಟಿಯೆಂದು ಬರೆದ ಚೌಕಕ್ಕೆ ಪಟ್ಟಿಯಿಂದ ಎಳೆದ ಗೆರೆಯನ್ನು ಒರೆಸಿದಳು. “ಅಜ್ಜ ಹೊರಗಿನಾವ. ಅವನ ಕಿಸೆದಾಗ ವಿಳಾಸ ಐತಿ ಅಂತ ಗುಡಿಸಾಕಿಗೆ ಹೆಂಗ ಗೊತ್ತಾಗಬೇಕು? ಆಕಿ ಬಂದ್ಲು. ಚೀಟಿಗೆ ವಾರಸುದಾರರಿಲ್ಲ ಅಂತ ಒಗದ್ಲು. ಹೊಳಿ ಬಂತು. ಅಜ್ಜ ಕರ್ಯಾಕ ಹೋದ. ಅಲ್ಲಿ ಏನೂ ಇರಲಿಲ್ಲ. ಅಜ್ಜನ ಭಾಷಾದಾಗ ಇಲ್ಲದ ಕಡೆ ಕಾಲಿಟ್ರ ಮುಗೀತು.”

ಇಷ್ಟು ಹೇಳಿ ಅವಳು ಹಿಂದಿನ ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡಳು. ನಾಲ್ಕು ಕಾಯಿ ಶೇಂಗಾ ಸುಲಿಯುವಷ್ಟು ಹೊತ್ತು ಹಾಗೇ ಇದ್ದಳು. “ಚೊಕ್ಕ ಮಾಡಿದೆ ಕಾಕಾ,” ಎಂದಳು. “ಮಾಳವ್ವನ ಕಾಲು ನಾ ಚೊಕ್ಕ ಮಾಡೂದ್ರಾಗ ಮುರೀತು.”

ಚೊಂಬಿನಲ್ಲಿ ಉಳಿದ ನೀರು ಕುಡಿಯಲು ಕೊಟ್ಟೆ.

ಕಾರಣ ಸಿಕ್ಕಮೇಲೆ ತಿದ್ದುವುದು ಒಂದು ಸಾಲಿನ ಕೆಲಸವಂತೆ. ಪಟ್ಟಿ ಮತ್ತೆ ಹಾಕಿದರಾಯಿತು. ಬೇರೆ ಯಾರಾದರೂ ಅಲ್ಲಿಗೆ ನಿಲ್ಲುತ್ತಿದ್ದರು. ಅವಳು ನಿಲ್ಲಲಿಲ್ಲ. ಅಜ್ಜನ ಕೈಗೆ ಕೊಟ್ಟ ಪ್ರತಿ ಚೀಟಿಯನ್ನೂ ಹೊದಿಕೆಯೇ ಹಿಡಿದುಕೊಂಡಿರಬೇಕು, ‘ನನಗೆ ಇನ್ನು ಬೇಡ’ ಎಂದು ಅಜ್ಜ ಹೇಳುವವರೆಗೆ ಬಿಡಬಾರದು ಎಂದು ಬರೆದಳು. ಅಜ್ಜ ಕರೆಯುವ ಹೊತ್ತಿಗೆ ಸ್ಕ್ರಿಪ್ಟು ಬೇರೆ ಕೆಲಸದಲ್ಲಿದ್ದರೆ ಸರದಿ ಬರುವವರೆಗೆ ಕಾಯಬೇಕು, ನಡುವೆ ನುಗ್ಗಬಾರದು ಎಂದು ಬರೆದಳು. ಯಾರ ಚೀಟಿಯಲ್ಲಿ ತಪ್ಪಿದ್ದರೂ ಆ ತಪ್ಪು ಹೊದಿಕೆಯಲ್ಲೇ ನಿಲ್ಲಬೇಕು, ಅಜ್ಜನವರೆಗೆ ಹೋಗಕೂಡದು. ಅವನಿಗೆ ಹೋಗುವುದು ‘ಆಯಿತು’ ಅಥವಾ ‘ಆಗಲಿಲ್ಲ’ ಎರಡೇ ಮಾತು. ಇಷ್ಟರ ಮೇಲೆ ಅಜ್ಜನಿಗೆ ಬೇರೆ ಮನೆ, ಹೊದಿಕೆಗೆ ಇನ್ನೊಂದು ಕಂಪ್ಯೂಟರಿನಲ್ಲಿ ಬೇರೆ ಮನೆ ಮಾಡಿ, ನಡುವೆ ಒಂದು ತಂತಿ ಎಳೆದಳು. ಹೊದಿಕೆ ಪೂರ್ತಿ ಸುಟ್ಟುಹೋದರೂ ನನ್ನ ಕೆಂಪು ದೀಪ ಹೊತ್ತಲೇಬೇಕು. ಕೊನೆಗೆ, ಪ್ರತಿ ಸಲ ಅಜ್ಜ ಕರೆಯುವ ಮುಂಚೆ ಬೇಕೆಂದೇ ಆ ಗುಡಿಸುವವಳನ್ನು ಹಸೀನಾ ಬರಮಾಡಿದಳು, ನಾನು ಸಾವಿರ ಸಲ ನೀರು ಹಾಕಿದೆ. ಬೀಳಲಿಲ್ಲ. ನನ್ನ ರಟ್ಟೆ ಬಿದ್ದುಹೋಯಿತು.

ಎರಡನೆಯ ಸಭೆಗೆ ಜನ ಅನುಮಾನದಿಂದಲೇ ಬಂದರು. ಸುಟ್ಟ ಬಾಯಿ ಮಜ್ಜಿಗೆಯನ್ನೂ ಊದಿ ಕುಡಿಯುತ್ತದೆ. ನಾನು ಮೊದಲು ಎದ್ದು, ಕುರ್ಚಿಯ ಮಾತು ಎಲ್ಲರೆದುರು ಹೇಳಿದೆ. ಗುರುಪಾದಪ್ಪನವರು ಅದರ ವಿಚಾರ ಆಮೇಲೆ ಎಂದರು. ಹಸೀನಾ ಎಲ್ಲ ವಿವರಿಸಿದಳು.

ಮಾಳವ್ವನನ್ನು ಹೊರಸಿನ ಮೇಲೆ ಹೊತ್ತು ತಂದಿದ್ದರು, ಕಾಲಿಗೆ ಪ್ಲಾಸ್ಟರು. ಅವಳು ಮೊಣಕೈ ಊರಿ ಎದ್ದಳು. “ನಲವತ್ತು ವರ್ಷ ಸೂಲಗಿತ್ತಿ ಕೆಲಸಾ ಮಾಡೀನಿ. ನನ್ನ ಕೈಯಾಗೂ ಎರಡು ಕೂಸು ಹೋಗ್ಯಾವ. ಯಾಕ ಹೋದ್ವು ಅಂತ ತಿಳಕೊಳ್ಳಾಕ ನಾ ಸುತ್ತ ಏಳು ಊರು ತಿರಗೀನಿ. ತಿಳಕೊಂಡು ಬಂದಮ್ಯಾಲ ಯಾವ ಬಸುರಿನೂ ನನ್ನ ಕೈ ಬ್ಯಾಡ ಅನ್ನಲಿಲ್ಲ. ಈಕಿನೂ ತಿಳಕೊಂಡು ಬಂದಾಳ. ನನ್ನ ಚೀಟಿ ಮೊದ್ಲ ಹಾಕ್ರಿ.”

“ಮೊದಲನೇದು ಪುರಸಭಾದ್ದು ಇರಬೇಕಾಗತೈತಿ,” ಎಂದರು ಗುರುಪಾದಪ್ಪ ಥಟ್ಟನೆ. ಜನ ನಕ್ಕರು. ನಕ್ಕಮೇಲೆ ಬೇಡ ಅನ್ನುವುದು ಕಷ್ಟ.

ಅಧ್ಯಕ್ಷರು ತಮ್ಮ ಚೀಟಿ ತಾವೇ ಬರೆದರು, ಯಾರಿಗೂ ತೋರಿಸಲಿಲ್ಲ. ಹೊಳೆ ಬಂದರೆ ಪುರಸಭೆಯ ಮೈಕಿನಲ್ಲಿ ಅವರ ದನಿಯಲ್ಲೇ ನಾಗರಿಕರಿಗೆ ಎಚ್ಚರಿಕೆ ಕೇಳಬೇಕು. ಹಸೀನಾ ಒಮ್ಮೆ ನೋಡಲೇ ಎಂದು ಕೇಳಿದಳಂತೆ. “ಬ್ಯಾಡ, ಎಲ್ಲಾ ಸರಿ ಐತಿ” ಎಂದರಂತೆ. ಒಟ್ಟು ಎಪ್ಪತ್ತೆರಡು ಚೀಟಿ. ಒಂದನೆಯದು ಅಧ್ಯಕ್ಷರದು, ಎರಡನೆಯದು ಮಾಳವ್ವನದು, ಮೂರನೆಯದು ಯಂಕಪ್ಪನದು, ಶಾಲೆಯ ಗಂಟೆ ಎಪ್ಪತ್ತೆರಡನೆಯದು.

ಸೋಮವಾರ ಜೋಡಿಸಿದಳು. ಜೋಡಿಸಿ, ಶಾಲೆಗೆ ಹೊತ್ತಾಯಿತು ಎಂದು ಆಚೆದಂಡೆಗೆ ಹೊರಟುಹೋದಳು. “ಇಲ್ಲೇ ಇರವ್ವಾ” ಎಂದೆ. “ನಾ ನಿಂತು ನೋಡಿದ್ರ ಬೀಳೂದು ಬಿಡತೈತೇನು ಕಾಕಾ? ಹತ್ತನೇ ಇಯತ್ತೆಗೆ ಇವತ್ತ ವರ್ಗಸಮೀಕರಣ ಐತಿ” ಎಂದಳು. ನಾನು ಕಿಟಕಿಗೆ ಮುಖ ಮಾಡಿ ಕೂತೆ. ಗುರುಪಾದಪ್ಪನವರು ಬಂದು ನನ್ನ ಪಕ್ಕದಲ್ಲಿ, ಪರದೆಗೆ ಮುಖ ಮಾಡಿ ಕೂತರು.

ಎರಡು ಗಂಟೆ ಐದಕ್ಕೆ ಕೆಂಪು ದೀಪ ಹೊತ್ತಿತು. ಭೋಂಗಾದ ಹಿಡಿಯನ್ನು ಜಗ್ಗಿದೆ. ಹಿಂದಿನಿಂದ ಅಧ್ಯಕ್ಷರ ದನಿ ಬಂತು. ಮೈಕಿನಲ್ಲಲ್ಲ, ಅವರ ಬಾಯಿಂದಲೇ. “ತಿಪ್ಪಣ್ಣ, ಇಲ್ಲಿ ಏನೋ ಕೆಂಪಗ ಬರದೈತೋ.”

ಒಂದು ಕೈ ಹಿಡಿಯ ಮೇಲಿಟ್ಟೇ ತಿರುಗಿದೆ. ಪರದೆಯ ಮೊದಲನೆಯ ಸಾಲು: ‘ಚೀಟಿ 1, ಗುರುಪಾದಪ್ಪ. ಆಗಲಿಲ್ಲ. ಮೂರನೆಯ ಸಾಲಿನಲ್ಲಿ ತಪ್ಪು.’ ಮೊದಲನೆಯದೇ ಬಿತ್ತಲ್ಲ, ಉಳಿದ ಎಪ್ಪತ್ತೊಂದು ಅದರ ಹಿಂದೆ ಸಾಲಾಗಿ ನಿಂತಿದ್ದವು. ಅಧ್ಯಕ್ಷರು ಬೆರಳು ಪರದೆಯ ಮೇಲಿಟ್ಟುಕೊಂಡು, ತಮ್ಮ ಹೆಸರನ್ನು ಮುಚ್ಚುವವರ ಹಾಗೆ ಕೂತಿದ್ದರು.

ಆ ಬೆರಳಿನ ಕೆಳಗೆ ಎರಡನೆಯ ಸಾಲು ಬಂತು: ‘ಚೀಟಿ 2, ಮಾಳವ್ವ. ಆಯಿತು.’ ಮೂರು, ಆಯಿತು. ನಾಲ್ಕು, ಆಯಿತು. ಆಮೇಲೆ ಓದುವುದಕ್ಕೂ ಆಗದಷ್ಟು ವೇಗವಾಗಿ ಸಾಲುಗಳು ಇಳಿದವು. ಕಿಟಕಿಯಲ್ಲಿ ನೋಡಿದರೆ ಯಂಕಪ್ಪ ಮೆಟ್ಟಿಲು ಹತ್ತುತ್ತಿದ್ದ. ಸಂಡಿಗೆಯವರು ಚಾಪೆ ಸುತ್ತುತ್ತಿದ್ದರು. ಹೊಸದಾಗಿ ಹಾಕಿದ ಚಹಾದಂಗಡಿ ನಾಲ್ಕು ಗಾಲಿಯ ಮೇಲೆ ದಂಡೆ ಏರುತ್ತಿತ್ತು. ಕೊನೆಗೆ ಆಚೆದಂಡೆಯಿಂದ, ಉಸುಕನ್ನೆಲ್ಲ ದಾಟಿಕೊಂಡು, ಶಾಲೆಯ ಗಂಟೆ ಕೇಳಿಸಿತು. ನಾನು ಭೋಂಗಾ ಬಿಟ್ಟೆ. ಅಧ್ಯಕ್ಷರೂ ನಾನೂ ಆ ಗಂಟೆ ಪೂರ್ತಿ ಕೇಳಿದೆವು.

ಹೊಳೆ ಬಂತು, ಹರಿಯಿತು, ನಾಲ್ಕು ಗಂಟೆ ಹತ್ತಕ್ಕೆ ಹೋಯಿತು. ಹಸೀನಾ ಕೆಸರು ಕಾಲಲ್ಲೇ ಕಟ್ಟೆಮನೆಗೆ ಬಂದಳು. ಗಂಟೆ ಕೇಳಿದಾಗಲೇ ಅವಳಿಗೆ ತಿಳಿದಿತ್ತು. ಆದರೂ ಪರದೆಯ ಮುಂದೆ ನಿಂತು ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಸಾಲು ಓದಿದಳು. ಮೊದಲನೆಯ ಸಾಲಿನಲ್ಲೇ ನಗು ತಡೆಯಲು ತುಟಿ ಬಿಗಿಹಿಡಿದದ್ದು ನಾನು ಕಂಡೆ.

ಗುರುಪಾದಪ್ಪನವರು ಗಂಟಲು ಸರಿಮಾಡಿಕೊಂಡರು. “ಅದೊಂದೀಟು ನೀವ ತಿದ್ದಿಬಿಡ್ರಿ ಟೀಚರ.”

“ನಾ ಯಾಕ ತಿದ್ದಲಿ?” ಎಂದಳು ಹಸೀನಾ. ಅವರಿಗೆ ಕುರ್ಚಿ ಎಳೆದುಕೊಟ್ಟಳು. “ನಿಮ್ಮ ಚೀಟಿ. ನೀವ ತಿದ್ರಿ. ನಾ ಇಲ್ಲೇ ನಿಂತಿರತೀನಿ.”

ಅವರು ಕೂತರು. ಕನ್ನಡಕ ಒರೆಸಿಕೊಂಡು ಮೂರನೆಯ ಸಾಲನ್ನು ಐದು ಸಲ ಓದಿದರು. ತೆರೆದ ಒಂದು ಬ್ರ್ಯಾಕೆಟ್ಟನ್ನು ಮುಚ್ಚಿರಲಿಲ್ಲ. ಒಂದೇ ಬೆರಳಿನಿಂದ, ಕೀಬೋರ್ಡಿನ ಗುಂಡಿಗೆ ನೋವಾದೀತು ಎಂಬಂತೆ, ಅದನ್ನು ಒತ್ತಿದರು. ಆಮೇಲೆ ತಲೆಯೆತ್ತಿ ಅವಳ ಮುಖ ನೋಡಿದರು, ಪಾಟಿ ತೋರಿಸಿದ ಮಗುವಿನ ಹಾಗೆ. ಅವಳು ತಲೆಯಾಡಿಸಿದಳು.

ಮರುದಿನ ಹೊಳೆ ಹನ್ನೊಂದಕ್ಕೇ ಬಂತು. ಅಧ್ಯಕ್ಷರ ದನಿ ಎರಡೂ ದಂಡೆಗೆ ಕೇಳಿಸಿತು.